ಬಾಗುವುದು ಮೂಳೆಯಲ್ಲ, ಕೀಲು

ಮಾನ್ಯರೇ,

ಪುಟ್ಟ ಮಕ್ಕಳಿಗೆ ಕೀಲುಗಳ ಪಾಠವೆಂದರೆ ಇನ್ನೂ ಗೋಡೆಗೆ ತೂಗುಹಾಕಿದ ಅಸ್ಥಿಪಂಜರದ ಚಿತ್ರ, ಹೆಸರುಗಳ ಬಾಯಿಪಾಠ. ಪಾಠದ ಸಾಮಗ್ರಿ ಮಕ್ಕಳ ಮೈಯಲ್ಲೇ ಇರುವಾಗ ಇದು ನಿಜಕ್ಕೂ ಬೇಸರದ ಸಂಗತಿ.

ತೆಳು ರಟ್ಟನ್ನು ಮಗುವಿನ ನೆಟ್ಟಗಿರುವ ಮೊಣಕೈಗೆ ಕೊಳವೆಯಂತೆ ಸುತ್ತಿ ಟೇಪ್ ಅಂಟಿಸಿ. ಬಿಗಿಯಬಾರದು, ಒಂದೆರಡು ನಿಮಿಷ ಸಾಕು. ಈಗ ಆ ಕೈಯಿಂದಲೇ ಮೂಗು ಮುಟ್ಟಲು ಹೇಳಿ. ತೋಳು ಭುಜದಿಂದ ಎಲ್ಲ ದಿಕ್ಕಿಗೂ ತಿರುಗುತ್ತದೆ, ಬೆರಳು ಮಾತ್ರ ಮೂಗಿಗೆ ಎಟುಕದು. ಮೊಣಕೈಯದು ಬಿಜಾಗರಿ ಕೀಲು, ಭುಜದ್ದು ಚೆಂಡು-ಗುಳಿ ಕೀಲು ಎಂಬ ಹೆಸರುಗಳನ್ನು ಆಮೇಲೆ ಹೇಳಿದರೂ ನಡೆದೀತು.

ಎಡವಟ್ಟಾಗುವುದು ಮಾದರಿ ಮಾಡುವಾಗ. ಎರಡು ರಟ್ಟಿನ ಪಟ್ಟಿಗಳನ್ನು ಪಿನ್ನಿನಿಂದ ಜೋಡಿಸಿ ‘ಇದೇ ಮೊಣಕೈ’ ಎನ್ನುತ್ತೇವೆ. ಅದು ಹಿಂದಕ್ಕೂ ಮಡಚುತ್ತದೆ, ನಮ್ಮ ಮೊಣಕೈ ಹಾಗೆ ಮಡಚದು. ಹಿಂಬದಿಗೆ ತಡೆಯಾಗಿ ಒಂದು ರಟ್ಟಿನ ತುಂಡು ಅಂಟಿಸಲೇಬೇಕು.

ಬೆರಳಿನ ಮಾದರಿ ಇನ್ನೂ ಚೆನ್ನ. ರಟ್ಟಿನ ಅಂಗೈ ಕತ್ತರಿಸಿ, ಪ್ರತಿ ಬೆರಳಿಗೆ ಮೂರು ಸ್ಟ್ರಾ ತುಂಡು, ಹೆಬ್ಬೆರಳಿಗೆ ಎರಡೇ ಅಂಟಿಸಿ. ತುಂಡುಗಳ ನಡುವೆ ಅರ್ಧ ಸೆಂ.ಮೀ. ಜಾಗ ಬಿಟ್ಟು, ಅಲ್ಲಿ ರಟ್ಟನ್ನು ಮೊದಲೇ ಮಡಚಿಡಿ. ಜಾಗ ಬಿಡದಿದ್ದರೆ ಬೆರಳು ಬಾಗುವುದೇ ಇಲ್ಲ. ಸ್ಟ್ರಾ ಬಾಯಿಗೆ ಗೋಂದು ಹೋದರೆ ದಾರ ಸಿಕ್ಕಿಕೊಳ್ಳುತ್ತದೆ. ದಾರವನ್ನು ಬೆರಳ ತುದಿಗೆ ಅಂಟಿಸಿ, ಸ್ಟ್ರಾಗಳೊಳಗಿಂದ ತೂರಿಸಿ ಎಳೆಯಿರಿ. ಬಿಟ್ಟಾಗ ಬೆರಳು ಪೂರ್ತಿ ನೆಟ್ಟಗಾಗದಿದ್ದರೆ ಮಾದರಿ ಕೆಟ್ಟಿತೆಂದು ಎಸೆಯಬೇಡಿ. ಈ ದಾರದಂತೆಯೇ ನಮ್ಮ ಸ್ನಾಯುವೂ ಎಳೆಯಬಲ್ಲದು, ತಳ್ಳಲಾರದು. ನೆಟ್ಟಗಾಗಿಸಲು ಹಿಂಬದಿಯಲ್ಲಿ ಇನ್ನೊಂದು ದಾರ ಬೇಕು.

– ಪ್ರಾಥಮಿಕ ತರಗತಿಗಳ ವಿಜ್ಞಾನ ಶಿಕ್ಷಕರು