ಕಡತದ ಹೆಸರಿನಲ್ಲೇ ದಿನಾಂಕ, ವೇಳೆ ಇರಲಿ

ಮಾನ್ಯ ಸಂಪಾದಕರೇ,

ಲೆಕ್ಕಪತ್ರ, ಹಾಜರಾತಿ, ದಾಸ್ತಾನು ಮುಂತಾದ ಕೆಲಸಗಳ ತಂತ್ರಾಂಶಗಳಿಂದ ವರದಿಗಳನ್ನು ಎಕ್ಸ್‌ಪೋರ್ಟ್ ಮಾಡಿಕೊಳ್ಳುವವರೆಲ್ಲರಿಗೂ ಪರಿಚಿತವಾದ ತೊಂದರೆಯೊಂದರ ಬಗ್ಗೆ ಈ ಪತ್ರ. ಹಲವು ತಂತ್ರಾಂಶಗಳು ಹೊರಬರುವ ಪ್ರತಿಯೊಂದು ಕಡತಕ್ಕೂ ‘ರಿಪೋರ್ಟ್’ ಎಂಬ ಒಂದೇ ಹೆಸರನ್ನು ಕೊಡುತ್ತವೆ. ಅದೇ ವರದಿಯನ್ನು ಮತ್ತೆ ಇಳಿಸಿಕೊಂಡರೆ ಬ್ರೌಸರ್ ಆ ಹೆಸರಿನ ಕೊನೆಗೆ ಆವರಣದಲ್ಲಿ 1, 2 ಎಂದು ಸೇರಿಸಿ ಕೈತೊಳೆದುಕೊಳ್ಳುತ್ತದೆ. ತಿಂಗಳು ಕಳೆದ ಮೇಲೆ ಇವುಗಳಲ್ಲಿ ತಿದ್ದುಪಡಿಗೆ ಮೊದಲಿನದು ಯಾವುದು, ನಂತರದ್ದು ಯಾವುದು ಎಂದು ತಿಳಿಯಲು ಒಂದೊಂದನ್ನೂ ತೆರೆದು ನೋಡಬೇಕು. ಹಾಗೆ ನೋಡದೆ ಹಳೆಯ ಪಟ್ಟಿಯನ್ನೇ ಹೊಸದೆಂದು ಕಳುಹಿಸಿ ನಾನೂ ಪೇಚಿಗೆ ಸಿಲುಕಿದ್ದೇನೆ.

ಕಡತದ ವಿವರಗಳಲ್ಲಿ ದಿನಾಂಕ ಇದ್ದೇ ಇರುತ್ತದಲ್ಲ ಎಂದು ಕೆಲವರು ಹೇಳಬಹುದು. ಆದರೆ ಅಂಕಣವೊಂದನ್ನು ಅಗಲ ಮಾಡಿ ಸೇವ್ ಮಾಡಿದರೂ ಆ ದಿನಾಂಕ ಬದಲಾಗುತ್ತದೆ. ಇಮೇಲ್‌ನಲ್ಲಿ ಬಂದ ಕಡತಕ್ಕಂತೂ ಸಾಮಾನ್ಯವಾಗಿ ಪಡೆದವರು ಅದನ್ನು ಉಳಿಸಿಕೊಂಡ ಹೊತ್ತೇ ಅಂಟಿಕೊಳ್ಳುತ್ತದೆ. ಯಾರೂ ಬದಲಿಸದಿದ್ದರೆ ಹೆಸರೊಂದೇ ಕಡತದೊಡನೆ ಹೋದಲ್ಲೆಲ್ಲ ಹೋಗುವಂಥದ್ದು.

ದಿನಾಂಕವನ್ನು ಹೇಗೆ ಬರೆಯಬೇಕೆಂಬುದೂ ಮುಖ್ಯ. 03-04-2025 ಎಂಬುದನ್ನು ಒಬ್ಬರು ಏಪ್ರಿಲ್ 3 ಎಂದು ಓದಿದರೆ ಇನ್ನೊಬ್ಬರು ಮಾರ್ಚ್ 4 ಎಂದು ಓದುತ್ತಾರೆ. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದರೆ ಈ ಗೊಂದಲ ತಪ್ಪುತ್ತದಾದರೂ, ಅಕಾರಾದಿಯಲ್ಲಿ ಜೋಡಿಸಿದಾಗ ಅಕ್ಟೋಬರ್ ಮೊದಲು ಬಂದು, ಆಗಸ್ಟ್ ಅದರ ಹಿಂದೆ ನಿಂತು, ಜನವರಿ ಎಲ್ಲೋ ನಡುವೆ ಸಿಕ್ಕಿಕೊಳ್ಳುತ್ತದೆ. ದಿನಾಂಕ, ವೇಳೆ ಬರೆಯುವ ಬಗೆಗೆ 1988ರಲ್ಲಿ ಮೊದಲು ಪ್ರಕಟವಾದ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 8601ರಂತೆ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2025-04-03 ಎಂದು ಬರೆದರೆ ಹೆಸರಿನ ಕ್ರಮವೇ ಕಾಲದ ಕ್ರಮವೂ ಆಗುತ್ತದೆ. ಇದಕ್ಕಾಗಿ ತಿಂಗಳು, ದಿನ ಎರಡಕ್ಕೂ ತಪ್ಪದೆ ಎರಡಂಕಿ ಇರಬೇಕು, ಇಲ್ಲವಾದರೆ ಅಕ್ಷರಕ್ಕೆ ಅಕ್ಷರ ಹೋಲಿಸುವ ವ್ಯವಸ್ಥೆಗಳಲ್ಲಿ 10 ಎಂಬುದು 2ಕ್ಕಿಂತ ಮುಂದೆ ಬಂದು ಕೂರುತ್ತದೆ. ಕನ್ನಡ ಅಂಕಿಗಳನ್ನು ಬಳಸಲು ನನ್ನ ತಕರಾರಿಲ್ಲ. ಆದರೆ ಒಂದೇ ಫೋಲ್ಡರಿನಲ್ಲಿ ಎರಡು ಬಗೆಯ ಅಂಕಿಗಳು ಬೆರೆತರೆ ಈ ಜೋಡಣೆಯನ್ನು ನಂಬಿಕೊಳ್ಳಲಾಗದು.

ವೇಳೆಯನ್ನು 24 ಗಂಟೆಯ ಲೆಕ್ಕದಲ್ಲಿ, ಸೆಕೆಂಡು ಸಹಿತ ಬರೆಯಬೇಕು. 14:30:05 ಎಂಬಲ್ಲಿರುವ ಎರಡು ಚುಕ್ಕಿಯ ಚಿಹ್ನೆಯನ್ನಾಗಲಿ ದಿನಾಂಕದ ನಡುವಿನ ಓರೆಗೆರೆಯನ್ನಾಗಲಿ ವಿಂಡೋಸ್ ಕಡತದ ಹೆಸರಿನಲ್ಲಿ ಒಪ್ಪುವುದಿಲ್ಲ. ಚಿಹ್ನೆಗಳಿಲ್ಲದೆ 143005 ಎಂದು ಬರೆಯಲು ಅದೇ ಮಾನದಂಡದಲ್ಲಿ ಅವಕಾಶವಿದೆ. ಬೇರೆ ಬೇರೆ ದೇಶಗಳವರು ಒಂದೇ ಸರ್ವರಿನಿಂದ ಕಡತ ಇಳಿಸಿಕೊಳ್ಳುವುದಾದರೆ ಎಲ್ಲ ದೇಶಗಳಿಗೂ ಒಂದೇ ಆಗಿರುವ ಯುಟಿಸಿ ಎಂಬ ಜಾಗತಿಕ ವೇಳೆಯನ್ನು ಬಳಸಿ, ಕೊನೆಗೆ ಅದರ ಗುರುತಾದ ಝಡ್ (Z) ಅಕ್ಷರ ಸೇರಿಸುವುದು ಒಳ್ಳೆಯದು. ಏಕೆಂದರೆ ಬೇಸಿಗೆಗೆಂದು ಮುಂದೆ ಮಾಡಿದ ಗಡಿಯಾರವನ್ನು ಮತ್ತೆ ಹಿಂದಕ್ಕೆ ತಿರುಗಿಸುವ ದೇಶಗಳಲ್ಲಿ, ಆ ದಿನ ಒಂದೇ ಗಂಟೆ ಎರಡು ಸಲ ಬರುತ್ತದೆ.

ಇದಿಷ್ಟನ್ನೂ ಬಳಕೆದಾರರು ಕೈಯಾರೆ ಬರೆದುಕೊಳ್ಳಲಿ ಎನ್ನುವುದು ನ್ಯಾಯವಲ್ಲ. ಅವಸರದಲ್ಲಿರುವವರು ‘ಹೊಸದು’, ‘ಅಂತಿಮ’, ‘ಅಂತಿಮಕ್ಕಿಂತ ಅಂತಿಮ’ ಎಂದೇ ಹೆಸರಿಡುತ್ತಾರೆ. ಕಡತವನ್ನು ಸಿದ್ಧಪಡಿಸುವ ಕ್ಷಣದಲ್ಲಿ ಗಡಿಯಾರವನ್ನು ನೋಡಿ ಹೆಸರಿಗೆ ಸೇರಿಸುವುದು ತಂತ್ರಾಂಶ ಬರೆಯುವವರಿಗೆ ಒಂದೆರಡು ಸಾಲಿನ ಕೆಲಸ. ಅದನ್ನು ಸೆಟ್ಟಿಂಗ್ಸ್‌ನ ಮೂಲೆಯಲ್ಲಿ ಐಚ್ಛಿಕವಾಗಿ ಇಡದೆ ಮೊದಲಿನಿಂದಲೇ ಜಾರಿಯಲ್ಲಿಡಬೇಕು, ಬೇಡವೆನ್ನುವವರು ತೆಗೆದುಹಾಕಲಿ. ಜೊತೆಗೆ, ವರದಿಯನ್ನು ಇಳಿಸಿಕೊಂಡ ದಿನ ಬೇರೆ, ವರದಿ ಒಳಗೊಂಡಿರುವ ಅವಧಿ ಬೇರೆ ಎಂಬುದನ್ನು ಅವರು ಗಮನಿಸಬೇಕು: ಮಾರ್ಚ್ ತಿಂಗಳ ಲೆಕ್ಕವನ್ನು ಏಪ್ರಿಲ್ 3ರಂದು ಇಳಿಸಿಕೊಂಡರೆ, ಹೆಸರಿನಲ್ಲಿ ಮೊದಲು ಅವಧಿ, ಆಮೇಲೆ ಇಳಿಸಿದ ದಿನ ಮತ್ತು ವೇಳೆ ಎರಡೂ ಕಾಣಿಸಬೇಕೆಂದು ನನ್ನ ಕೋರಿಕೆ.

ಇತಿ,
ಓರ್ವ ಓದುಗ