ಟೆರಾಹರ್ಟ್ಸ್ ವಿನ್ಯಾಸಗಳು ಕಂಪ್ಯೂಟರ್ ಪರದೆಯನ್ನು ದಾಟಲಿ

ಮಾನ್ಯ ಸಂಪಾದಕರೇ,

6ಜಿ ಕುರಿತ ಬರಹಗಳಲ್ಲಿ ಈಚೆಗೆ ಟೆರಾಹರ್ಟ್ಸ್ ತರಂಗಗಳ ಪ್ರಸ್ತಾಪ ಪದೇಪದೇ ಬರುತ್ತಿದೆ. ಜೊತೆಗೆ, ಮೆಟಾಮೆಟೀರಿಯಲ್ ಎಂದರೆ ವಸ್ತುಗಳನ್ನು ಕಣ್ಣಿಗೆ ಕಾಣದಂತೆ ಮಾಡುವ ಹೊದಿಕೆ ಎಂಬ ರೋಚಕ ವಿವರಣೆಯೂ ಸೇರಿಕೊಳ್ಳುತ್ತಿದೆ. ಆ ಹೊದಿಕೆಯ ಮಾತು ಹಾಗಿರಲಿ. ಈ ಕ್ಷೇತ್ರದಲ್ಲಿ ಬೆಂಗಳೂರಿನ ಸಾಮಾನ್ಯ ಎಂಜಿನಿಯರಿಂಗ್ ಕಾಲೇಜುಗಳು ಮಾಡಬಹುದಾಗಿದ್ದೂ ಅರ್ಧಕ್ಕೇ ನಿಂತಿರುವ ಕೆಲಸವೊಂದರತ್ತ, ಅಂದರೆ ವಿದ್ಯಾರ್ಥಿಗಳ ವಿನ್ಯಾಸಗಳನ್ನು ನಿಜವಾಗಿ ತಯಾರಿಸಿ ಅಳೆಯುವುದರತ್ತ, ಸರ್ಕಾರದ ಗಮನ ಸೆಳೆಯುವುದಕ್ಕಾಗಿ ಈ ಪತ್ರ.

ಸುಮಾರು 0.1ರಿಂದ 10 ಟೆರಾಹರ್ಟ್ಸ್‌ವರೆಗಿನ ಈ ಆವೃತ್ತಿ ಪಟ್ಟಿ ಮೈಕ್ರೋವೇವ್ ಮತ್ತು ಅವಗೆಂಪು ಕಿರಣಗಳ ನಡುವೆ ಇದೆ. ಬಟ್ಟೆ, ಕಾಗದ, ಪ್ಲಾಸ್ಟಿಕ್‌ಗಳ ಮೂಲಕ ಈ ತರಂಗಗಳು ಹಾದುಹೋಗುತ್ತವೆ, ಎಕ್ಸ್‌ರೇಯಂತೆ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತೆಸೆಯುವಷ್ಟು ಶಕ್ತಿ ಇವಕ್ಕಿಲ್ಲ. ಭದ್ರತಾ ತಪಾಸಣೆಗೂ ಔಷಧದ ಮಾತ್ರೆಗಳ ಲೇಪದ ದಪ್ಪ ಅಳೆಯುವುದಕ್ಕೂ ಇವು ಒದಗುವುದು ಇದರಿಂದಲೇ. ತೊಡಕೆಂದರೆ, ಈ ಪಟ್ಟಿಯಲ್ಲಿ ಬಯಸಿದಂತೆ ಸ್ಪಂದಿಸುವ ನೈಸರ್ಗಿಕ ವಸ್ತುಗಳು ವಿರಳ. ರಾಸಾಯನಿಕ ಸಂಯೋಜನೆಗಿಂತ ಆಕಾರದಿಂದಲೇ ಗುಣ ಪಡೆಯುವ ಕೃತಕ ರಚನೆಗಳಿಗೆ, ಅಂದರೆ ಮೆಟಾಮೆಟೀರಿಯಲ್‌ಗಳಿಗೆ, ಇಲ್ಲಿ ಬೆಲೆ ಬಂದಿರುವುದು ಅದಕ್ಕಾಗಿ. ಆಕಾರದಿಂದ ಗುಣ ಪಡೆಯುವ ಈ ಕಲ್ಪನೆ ಹೊಸದೇನಲ್ಲ: ಜಗದೀಶಚಂದ್ರ ಬೋಸರು 1898ರಷ್ಟು ಹಿಂದೆಯೇ ತಿರುಚಿದ ಸೆಣಬಿನ ಕಟ್ಟಿನ ಮೂಲಕ ವಿದ್ಯುತ್ಕಾಂತೀಯ ತರಂಗಗಳನ್ನು ಹಾಯಿಸಿ, ಅವುಗಳ ಧ್ರುವೀಕರಣದ (ಕಂಪನದ) ದಿಕ್ಕು ತಿರುಗುವುದನ್ನು ತೋರಿಸಿದ್ದರು.

ಇಂದಿನ ರಚನೆಗಳ ಮೂಲ ಘಟಕ ಸೀಳಿರುವ ಒಂದು ಲೋಹದ ಉಂಗುರ. ಉಂಗುರವು ತಂತಿಸುರುಳಿಯಾದ ಇಂಡಕ್ಟರ್‌ನಂತೆಯೂ ಸೀಳು ವಿದ್ಯುದಾವೇಶ ಹಿಡಿದಿಡುವ ಕೆಪಾಸಿಟರ್‌ನಂತೆಯೂ ವರ್ತಿಸಿ, ಎರಡೂ ಸೇರಿ ನಿರ್ದಿಷ್ಟ ಆವೃತ್ತಿಯಲ್ಲಿ ಅನುರಣಿಸುತ್ತವೆ. ಬ್ರಿಟನ್ನಿನ ಭೌತವಿಜ್ಞಾನಿ ಜಾನ್ ಪೆಂಡ್ರಿ 1999ರಲ್ಲಿ ಮಂಡಿಸಿದ ಈ ವಿನ್ಯಾಸ 2004ರಲ್ಲಿ ಟೆರಾಹರ್ಟ್ಸ್ ಪಟ್ಟಿಗೆ ಇಳಿಯಿತು. 2006ರಲ್ಲಿ ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕದ ಮೇಲೆ ಇಂಥ ಉಂಗುರಗಳನ್ನು ಮೂಡಿಸಿ, ವೋಲ್ಟೇಜ್ ನೀಡಿ ತರಂಗವನ್ನು ನಿಯಂತ್ರಿಸುವುದೂ ಸಾಧ್ಯವಾಯಿತು. 1 ಟೆರಾಹರ್ಟ್ಸ್‌ನ ತರಂಗಾಂತರ 300 ಮೈಕ್ರಾನ್ ಆಗಿರುವುದರಿಂದ ಉಂಗುರದ ಅಗಲ ಕೆಲವು ಹತ್ತು ಮೈಕ್ರಾನ್, ಸೀಳು ಕೆಲವೇ ಮೈಕ್ರಾನ್ ಇದ್ದರೆ ಸಾಕು. ಸಾವಿರಾರು ಕೋಟಿ ರೂಪಾಯಿಯ ಚಿಪ್ ಕಾರ್ಖಾನೆ ಇದಕ್ಕೆ ಬೇಡ. ಬೆಳಕಿನಿಂದ ನಕ್ಷೆ ಮೂಡಿಸುವ, ದಶಕಗಳಷ್ಟು ಹಳೆಯ ಫೋಟೊಲಿಥೋಗ್ರಫಿಯೇ ಸಾಕಾಗುತ್ತದೆ.

ಹೀಗಿದ್ದರೂ ನಮ್ಮ ವಿದ್ಯಾರ್ಥಿಗಳ ಪ್ರಾಜೆಕ್ಟ್ ಕಂಪ್ಯೂಟರ್ ಸಿಮ್ಯುಲೇಶನ್‌ನಲ್ಲೇ ಮುಗಿಯುತ್ತದೆ. ಶೇ 99ರಷ್ಟು ತರಂಗವನ್ನು ಹೀರಿಕೊಳ್ಳುವ ಫಲಕವೆಂದು ಬಣ್ಣದ ನಕ್ಷೆ ಸಹಿತ ವರದಿ ಬೈಂಡ್ ಆಗುತ್ತದೆ, ಅಂಕವೂ ಬರುತ್ತದೆ. ಅದೇ ಉಂಗುರವನ್ನು ನಿಜವಾಗಿ ತಯಾರಿಸಿದರೆ ಚೌಕಾಕಾರದ ಉಂಗುರದ ಮೂಲೆಗಳು ದುಂಡಗಾಗಿರುತ್ತವೆ, 2 ಮೈಕ್ರಾನ್ ಇರಬೇಕಾದ ಸೀಳು ಕೆಲವೆಡೆ ಮೂರಾಗಿರುತ್ತದೆ, ಲೋಹದ ಪದರಗಳ ನಡುವಿನ ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ ಪದರ ಒಂದೇ ದಪ್ಪದಲ್ಲಿ ಇರುವುದಿಲ್ಲ. ಅನುರಣನದ ಶಿಖರ ಲೆಕ್ಕ ಹಾಕಿದ ಜಾಗ ಬಿಟ್ಟು ಸರಿಯುತ್ತದೆ. ಅಳೆಯಲು ಕುಳಿತರೆ ಗಾಳಿಯ ತೇವಾಂಶ 0.557 ಟೆರಾಹರ್ಟ್ಸ್‌ನ ಸುತ್ತ ಸಂಕೇತವನ್ನೇ ನುಂಗಿರುತ್ತದೆ. ಮಳೆಗಾಲದ ಬೆಂಗಳೂರಿನಲ್ಲಂತೂ ಅಳತೆಯ ಉಪಕರಣದ ಪೆಟ್ಟಿಗೆಗೆ ಒಣ ನೈಟ್ರೋಜನ್ ತುಂಬಿಸದೆ ಅಳತೆ ಹಿಡಿಯುವುದು ಕಷ್ಟ. ಈ ಕ್ಷೇತ್ರದ ಎಂಜಿನಿಯರ್ ಕಲಿಯಬೇಕಾದದ್ದು ಮುಖ್ಯವಾಗಿ ಇವುಗಳನ್ನೇ ಎಂಬುದು ನನ್ನ ಅಭಿಪ್ರಾಯ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉತ್ತಮ ನ್ಯಾನೊ ತಯಾರಿಕಾ ಕೇಂದ್ರವಿದೆ. ಹೊರಗಿನ ಸಂಶೋಧಕರಿಗೂ ಅಲ್ಲಿ ಅವಕಾಶ ಕಲ್ಪಿಸುವ ಕೇಂದ್ರ ಸರ್ಕಾರದ ಕಾರ್ಯಕ್ರಮವೂ ನಡೆದಿದೆ. ಆದರೆ ಪಿಎಚ್‌.ಡಿ. ಸಂಶೋಧಕರಿಗೆ ಒಗ್ಗುವ ಆ ವ್ಯವಸ್ಥೆ ಬಿ.ಇ. ವಿದ್ಯಾರ್ಥಿಗಳ ಆರು ತಿಂಗಳ ಕೆಲಸಕ್ಕೆ ಹೊಂದುವುದಿಲ್ಲ. ನನ್ನ ಸಲಹೆ ಸರಳವಾಗಿದೆ: ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಕಾಲೇಜುಗಳಿಂದ ವಿನ್ಯಾಸಗಳನ್ನು ಆಹ್ವಾನಿಸಿ, ಆಯ್ದವನ್ನೆಲ್ಲ ಫೋಟೊಲಿಥೋಗ್ರಫಿಗೆ ಬೇಕಾದ ನಕ್ಷೆಯ ಅಚ್ಚಾದ ಒಂದೇ ಮಾಸ್ಕ್‌ನಲ್ಲಿ ಸೇರಿಸಿ ತಯಾರಿಸಲಿ. ಒಂದು ಚದರ ಸೆಂಟಿಮೀಟರ್ ಮಾದರಿಗಳಾದರೆ 4 ಇಂಚಿನ ದುಂಡು ಬಿಲ್ಲೆಯಾದ ಒಂದು ವೇಫರ್‌ನಲ್ಲಿ 40ಕ್ಕೂ ಹೆಚ್ಚು ಹಿಡಿಸುತ್ತವೆ, ಖರ್ಚೂ ಹಂಚಿಹೋಗುತ್ತದೆ. ದುಬಾರಿಯಾದ ಟೆರಾಹರ್ಟ್ಸ್ ಸ್ಪೆಕ್ಟ್ರೋಮೀಟರ್ (ಮಾದರಿಗಳ ಸ್ಪಂದನೆ ಅಳೆಯುವ ಉಪಕರಣ) ಒಂದನ್ನು ರಾಜ್ಯ ಸರ್ಕಾರ ನಗರದಲ್ಲಿ ಸ್ಥಾಪಿಸಿ, ನಾಮಮಾತ್ರ ಶುಲ್ಕಕ್ಕೆ ಎಲ್ಲ ಕಾಲೇಜುಗಳಿಗೂ ತೆರೆದಿಡಬೇಕು.

95 ಗಿಗಾಹರ್ಟ್ಸ್‌ನಿಂದ 3 ಟೆರಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಪ್ರಯೋಗಗಳಿಗೆ ಸುಲಭ ಅನುಮತಿ ನೀಡುವಂತೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರಲ್ಲಿ ಶಿಫಾರಸು ಮಾಡಿರುವುದರಿಂದ ಇದಕ್ಕೆ ಕಾಲವೂ ಕೂಡಿಬಂದಿದೆ. ವಿನ್ಯಾಸಗಳ ಆಹ್ವಾನ ಮಾತ್ರ ಅಂತಿಮ ವರ್ಷದ ಆರಂಭದಲ್ಲೇ ಹೊರಡಬೇಕು; ತಡವಾದರೆ ಮಾದರಿ ಕೈಸೇರುವ ಹೊತ್ತಿಗೆ ವಿದ್ಯಾರ್ಥಿಗಳು ಕಾಲೇಜು ಬಿಟ್ಟಿರುತ್ತಾರೆ.

ಇಂತಿ,
ನಿವೃತ್ತ ಭೌತವಿಜ್ಞಾನ ಪ್ರಾಧ್ಯಾಪಕ,
ಬಸವನಗುಡಿ, ಬೆಂಗಳೂರು