ಸಾ ಪಾಲ್ಮೆಟ್ಟೊ: ಜಾಹೀರಾತು ಹೇಳದ ಅಂಕಿಗಳು

ಮಾನ್ಯ ಸಂಪಾದಕರೇ,

ಐವತ್ತು ದಾಟಿದ ಗಂಡಸರಲ್ಲಿ ಮೂತ್ರಕ್ಕೆ ತೊಂದರೆ ಕೊಡುವ ಪ್ರಾಸ್ಟೇಟ್ ಗ್ರಂಥಿಯ ಊತಕ್ಕೆ ಒಳ್ಳೆಯದೆಂದು ಸಾ ಪಾಲ್ಮೆಟ್ಟೊ ಕ್ಯಾಪ್ಸೂಲ್‌ಗಳು ನಮ್ಮಲ್ಲೂ ಮಾರಾಟವಾಗುತ್ತಿವೆ. ಇದು ಅಮೆರಿಕದ ಫ್ಲಾರಿಡಾ, ಜಾರ್ಜಿಯಾ ಕಡೆಯ ಗಿಡ್ಡ ತಾಳೆ. ಔಷಧಿಯಾಗಿ ಇದರ ಹಣ್ಣಿನ ಬಳಕೆ ಹಳೆಯದು. ಗುಣದ ಪರೀಕ್ಷೆಯೂ ಚೆನ್ನಾಗಿಯೇ ನಡೆದಿದೆ. ಅದರ ಫಲಿತಾಂಶ ಮಾತ್ರ ಜಾಹೀರಾತಿಗೆ ಬರುವುದಿಲ್ಲ.

1998ರಲ್ಲಿ 18 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಉಪಯೋಗವಿದೆ ಎನಿಸಿತ್ತು. ಆದರೆ ಅವು ಸರಾಸರಿ 9 ವಾರ ನಡೆದವು. ಹಣ್ಣಿನ ಸಾರಕ್ಕೆ ಗಾಢ ವಾಸನೆ ಬೇರೆ. ಯಾರಿಗೆ ಔಷಧಿ, ಯಾರಿಗೆ ಔಷಧಿ ಇಲ್ಲದ ಹುಸಿ ಗುಳಿಗೆ ಎಂಬ ಗುಟ್ಟು ಉಳಿಯುವುದು ಕಷ್ಟ. ಬಣ್ಣ, ರುಚಿ, ವಾಸನೆ ಎಲ್ಲ ಹೊಂದುವ ಹುಸಿ ಗುಳಿಗೆ ಮಾಡಿ 225 ಮಂದಿಯ ಮೇಲೆ ಒಂದು ವರ್ಷ ನಡೆಸಿದ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ದಿನಕ್ಕೆರಡು ಬಾರಿ 160 ಮಿ.ಗ್ರಾಂ. ಕೊಟ್ಟರೂ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ.

ಪ್ರಮಾಣ ಸಾಲಲಿಲ್ಲವೇನೋ ಎಂಬ ಪ್ರಶ್ನೆ ನ್ಯಾಯವಾದದ್ದೇ. 2011ರ ಪ್ರಯೋಗದಲ್ಲಿ 369 ಮಂದಿಯನ್ನು ಎರಡು ಗುಂಪು ಮಾಡಿ, ದಿನದ ಪ್ರಮಾಣವನ್ನು 24 ವಾರಕ್ಕೊಮ್ಮೆ 320, 640, 960 ಮಿ.ಗ್ರಾಂ. ಎಂದು ಏರಿಸುತ್ತ ಹೋದರು. 72 ವಾರದ ಬಳಿಕ ಮೂತ್ರದ ತೊಂದರೆಯ ಅಂಕ (35ಕ್ಕೆ; ಹೆಚ್ಚಿದಷ್ಟೂ ತೊಂದರೆ ಹೆಚ್ಚು) ಸಾ ಪಾಲ್ಮೆಟ್ಟೊ ಗುಂಪಿನಲ್ಲಿ 14.42ರಿಂದ 12.22ಕ್ಕೆ ಇಳಿಯಿತು, ಹುಸಿ ಗುಳಿಗೆಯವರಲ್ಲಿ 14.69ರಿಂದ 11.70ಕ್ಕೆ. ಓದುಗರು ಗಮನಿಸಬೇಕಾದದ್ದು ಈ ಎರಡನೇ ಸಾಲನ್ನು. ಏನೂ ಇಲ್ಲದ ಗುಳಿಗೆ ನುಂಗಿದವರೂ ಸುಧಾರಿಸಿದರು. ಈ ಕಾಯಿಲೆ ಏರಿಳಿಯುತ್ತದೆ. ಹೆಚ್ಚು ಕಾಡಿದಾಗಲೇ ಔಷಧಿ ಹುಡುಕುತ್ತೇವೆ, ಆಮೇಲೆ ತಾನಾಗಿ ಇಳಿದದ್ದನ್ನೂ ಗುಳಿಗೆಯ ಲೆಕ್ಕಕ್ಕೆ ಹಾಕುತ್ತೇವೆ. ‘ತಗೊಂಡೆ, ಗುಣವಾಯ್ತು’ ಎಂಬ ಮಾತು ಪ್ರಾಮಾಣಿಕವಾಗಿದ್ದರೂ ಪುರಾವೆಯಲ್ಲ. ಮೂತ್ರದ ತೊಂದರೆಗೆ ಕುಡಿಯುವ ನೆಗ್ಗಿಲು ಮುಳ್ಳಿನ ಕಷಾಯಕ್ಕೂ ಇದೇ ಅಳತೆಗೋಲು ಹಿಡಿಯಬೇಕು.

ಒಂದು ತಕರಾರು ಉಳಿದಿದೆ. ಹೆಕ್ಸೇನ್ ದ್ರಾವಕದಿಂದ ತೆಗೆದ ಸಾರವನ್ನು ಯುರೋಪಿನ ಔಷಧ ಸಂಸ್ಥೆಯ ಸಮಿತಿ ಈ ಕಾಯಿಲೆಗೆ ಪ್ರತ್ಯೇಕವಾಗಿ ಒಪ್ಪಿದೆ. ಮೇಲಿನ ಎರಡು ಪ್ರಯೋಗಗಳಲ್ಲಿ ಬಳಸಿದ್ದು ಬೇರೆ ವಿಧಾನದ ಸಾರ. ಹಾಗಾಗಿ ಲೇಬಲ್ಲಿನಲ್ಲಿ ಸಾರ ತೆಗೆದ ವಿಧಾನ, ಕೊಬ್ಬಿನಾಮ್ಲದ ಶೇಕಡಾವಾರು ಬರೆದಿದೆಯೇ ನೋಡಿ. ಬರೀ ಹಣ್ಣಿನ ಪುಡಿ ಸಾರಕ್ಕೆ ಸಮವಲ್ಲ. ಅಗ್ಗದ ಸಸ್ಯ ಎಣ್ಣೆ ಬೆರೆಸುವ ಕಲಬೆರಕೆಯೂ ಈ ಸರಕಿನಲ್ಲಿ ಇದೆ.

ನಿಜವಾಗಿ ಕೆಲಸ ಮಾಡುವ ಔಷಧಿಗಳಿವೆ. ಟ್ಯಾಮ್ಸುಲೋಸಿನ್ 0.4 ಮಿ.ಗ್ರಾಂ. ಕೆಲವೇ ದಿನಗಳಲ್ಲಿ ಮೂತ್ರ ಸರಾಗವಾಗಿಸುತ್ತದೆ. ಎದ್ದು ನಿಂತಾಗ ತಲೆಸುತ್ತಬಹುದು, ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಗೆ ಮೊದಲು ಕಣ್ಣಿನ ವೈದ್ಯರಿಗೆ ಹೇಳಲೇಬೇಕು. ಫಿನಾಸ್ಟರೈಡ್ ಗುಣ ತೋರಲು ಸುಮಾರು ಆರು ತಿಂಗಳು ಬೇಕು, ಪ್ರಾಸ್ಟೇಟ್ ಕ್ಯಾನ್ಸರ್ ಸುಳಿವಿಗಾಗಿ ರಕ್ತದಲ್ಲಿ ನೋಡುವ ಪಿಎಸ್ಎ ಅಂಕಿಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಕ್ಯಾನ್ಸರ್ ಸುಳಿವು ತಪ್ಪಿಹೋಗಬಹುದು.

ಗಿಡಮೂಲಿಕೆಯ ನಿಜವಾದ ಅಪಾಯ ಕಾಲಹರಣ. ಮೂತ್ರದಲ್ಲಿ ರಕ್ತ, ಜ್ವರ ಇದ್ದರೆ ಮೊದಲು ವೈದ್ಯರಲ್ಲಿಗೆ ಹೋಗಬೇಕು. ಪ್ರಾಸ್ಟೇಟ್ ತೊಂದರೆ ಇರುವವರು ನೆಗಡಿಗೆಂದು ಸ್ಯೂಡೊಎಫೆಡ್ರಿನ್ ಅಥವಾ ಕ್ಲೋರ್ಫೆನಿರಮೈನ್ ಇರುವ ಮಾತ್ರೆ ನುಂಗಿ ಮೂತ್ರ ಪೂರ್ತಿ ಕಟ್ಟಿಕೊಳ್ಳುವುದುಂಟು. ಆಗ ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ ಕ್ಯಾಥೆಟರ್ (ಮೂತ್ರ ಹೊರತೆಗೆಯುವ ನಳಿಕೆ) ಹಾಕಿಸಿಕೊಳ್ಳಬೇಕು.

— ಕೆಲವು ವೈದ್ಯರು ಮತ್ತು ಫಾರ್ಮಸಿಸ್ಟರು, ಹುಬ್ಬಳ್ಳಿ